‘ಲೈನ್ ಬಂತಾ ಮೊಗಾ?’ – ನಮ್ಮ ಸೀಮೆಯಲ್ಲಿ ಒಂದು ಪದದ ಓಡಾಟ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬಹಳ ವರ್ಷ ಪಾಠ ಹೇಳಿದ ಪ್ರಾಥಮಿಕ ಶಾಲೆಯ ಮೇಷ್ಟ್ರ ಮಕ್ಕಳು. ನಾನು ಆ ಮೇಷ್ಟ್ರ ಕೈಯಲ್ಲಿ ಅಕ್ಷರ ತಿದ್ದಿದವನು. ಕನ್ನಡಕ್ಕೆ ಎರಡು ಗೆರೆ ಪುಸ್ತಕ, ಇಂಗ್ಲಿಷಿಗೆ ನಾಲ್ಕು ಗೆರೆ ಪುಸ್ತಕ. ಕನ್ನಡ ಬರೆಯುವಾಗ ಅಕ್ಷರ ಜಾರಿದರೆ ‘ಗೆರೆ ಬುಡಬ್ಯಾಡ ಮೊಗಾ’ ಅನ್ನುತ್ತಿದ್ದರು. ಇಂಗ್ಲಿಷ್ ಬರೆಯುವಾಗ ಅದೇ ತಪ್ಪಾದರೆ ‘ಲೈನ್ ಮ್ಯಾಲ ಬರಿ’ ಅನ್ನುತ್ತಿದ್ದರು. ಅದೇ ಬಾಯಿ, ಅದೇ ನೀಲಿ ಗೆರೆ. ಪುಸ್ತಕ ಬದಲಾದರೆ ಪದ ಬದಲಾಗುತ್ತಿತ್ತು. ಹುಡುಗನಾಗಿದ್ದಾಗ ನನಗೆ ಗೆರೆ ಬೇರೆ, ಲೈನ್ ಬೇರೆ ಎಂದೇ ಅನ್ನಿಸಿತ್ತು. ಇಷ್ಟು ವರ್ಷವಾದ ಮೇಲೆ ಯೋಚಿಸಿದರೆ ಆಗ ಅನ್ನಿಸಿದ್ದೇ ಸರಿ ಎಂದು ತೋರುತ್ತದೆ. ಇವತ್ತಿನ ಉಪನ್ಯಾಸಕ್ಕೆ ಈ ಪದವನ್ನು ಆರಿಸಿಕೊಂಡದ್ದು ಅದಕ್ಕಾಗಿ.

ಕನ್ನಡದ ಹೆಸರಿನ ದತ್ತಿಯಲ್ಲಿ ಇಂಗ್ಲಿಷ್ ಪದದ ಮಾತೇಕೆ ಎಂದು ಒಬ್ಬರು ಹಿರಿಯರು ನನ್ನನ್ನು ಬಾಗಿಲಲ್ಲೇ ಕೇಳಿದರು. ಈ ಪದವನ್ನು ಇಂಗ್ಲಿಷಿನದೆಂದು ನಮ್ಮ ಜನ ಲೆಕ್ಕಕ್ಕೇ ಇಟ್ಟುಕೊಂಡಿಲ್ಲ ಎಂಬುದು ನನ್ನ ಉತ್ತರ. ಶಾಲೆಯ ಮುಖ ಕಾಣದ ಅಜ್ಜಿಯೂ ದಿನಕ್ಕೆ ನಾಲ್ಕು ಸಲ ಇದನ್ನು ಆಡುತ್ತಾಳೆ. ಕರೆಂಟಿನ ಲೈನ್, ನೀರಿನ ಲೈನ್, ರೇಷನ್ ಅಂಗಡಿಯ ಲೈನ್, ಕಾಡಿನ ಬೆಂಕಿ ಲೈನ್, ಕಾಫಿ ತೋಟದ ಲೈನ್ ಮನೆ, ಬರಲಿದೆ ಎಂದು ಕೇಳುತ್ತಲೇ ಇರುವ ರೈಲ್ವೆ ಲೈನ್. ನಿಘಂಟು ತೆರೆದರೆ ಇದಕ್ಕೆ ರೇಖೆ, ಗೆರೆ, ಸಾಲು, ಮಾರ್ಗ, ತಂತಿ ಎಂದು ಅರ್ಥಗಳ ಸರಮಾಲೆ ಸಿಗುತ್ತದೆ. ಈ ಅರ್ಥಗಳು ನಮ್ಮ ಜಿಲ್ಲೆಗೆ ಒಟ್ಟಿಗೆ ಬಂದವಲ್ಲ. ಒಂದೊಂದು ಅರ್ಥವೂ ಒಂದೊಂದು ಇಲಾಖೆಯ, ಒಂದೊಂದು ಕಸುಬಿನ ಹೆಗಲೇರಿ, ತನ್ನದೇ ಸಲಕರಣೆ ಮತ್ತು ತನ್ನದೇ ಆಳಿನೊಂದಿಗೆ ಬಂದಿದೆ. ಆ ಬರವಿನ ಕಥೆಯನ್ನು ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ನೆಲದ ಮೇಲೆ ನಿಂತು ಹೇಳಬೇಕೆಂಬುದು ನನ್ನ ಆಸೆ.

ಮೊದಲು ಬೇರಿನ ಮಾತು. ಲೈನ್ ಎಂಬುದರ ಹುಟ್ಟು ಲ್ಯಾಟಿನ್ನಿನಲ್ಲಿ. ಅಲ್ಲಿ ಅದು ಅಗಸೆ ನಾರಿನ ದಾರ. ಅಗಸೆ ಗಿಡಕ್ಕೆ ಅವರು ಕೊಟ್ಟ ಹೆಸರಿನಿಂದಲೇ ಆ ನಾರಿನ ಬಟ್ಟೆಗೂ, ದಾರಕ್ಕೂ, ದಾರ ಹಿಡಿದು ಎಳೆದ ನೇರ ಗುರುತಿಗೂ ಹೆಸರಾಯಿತು. ಸಂಸ್ಕೃತದ ಸೂತ್ರವೂ ಇದೇ ದಾರಿ ತುಳಿದಿದೆ: ಮೊದಲು ನೂಲು, ಆಮೇಲೆ ಅಳತೆಯ ದಾರ, ಆಮೇಲೆ ನಿಯಮ. ನಮ್ಮ ಗೆರೆಯ ಸ್ವಭಾವವೇ ಬೇರೆ. ಗೀರು, ಗೀಚು, ಗೀಟು ಎಲ್ಲ ಒಂದೇ ಮನೆಯವು, ಗೆರೆಯೂ ಅದೇ ಕೇರಿಯದು. ಉಗುರಿನಿಂದಲೋ ಕಡ್ಡಿಯಿಂದಲೋ ನೆಲವನ್ನು ಕೆರೆದಾಗ ಮೂಡುವುದು ಗೆರೆ. ಒಂದು ಪದ ನೆಲದ ಮೇಲೆ ಕಟ್ಟಿದ ದಾರ, ಇನ್ನೊಂದು ನೆಲಕ್ಕೆ ಬಿದ್ದ ಗಾಯ. ದಾರವನ್ನು ಬಿಚ್ಚಿ ಸುತ್ತಿಕೊಂಡು ಹೋಗಬಹುದು, ಗೀರು ಅಲ್ಲೇ ಉಳಿಯುತ್ತದೆ. ಮನೆ ಕಟ್ಟುವ ಗಾರೆ ಕೆಲಸದವರು ಎರಡು ಗೂಟಗಳ ನಡುವೆ ಎಳೆದು ಬಿಗಿಯುವ ಲೈನ್ ದಾರವನ್ನು ನೋಡಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಲ್ಯಾಟಿನ್ ಎಂಬ ಭಾಷೆಯೊಂದಿದೆ ಎಂದು ಕೇಳದ ನಮ್ಮೂರ ಮೇಸ್ತ್ರಿ ಆ ಪದದ ಮೊದಲ ಅರ್ಥವನ್ನು ಕೈಯಲ್ಲಿ ಹಿಡಿದು ನಿಂತಿರುತ್ತಾನೆ.

ನಮ್ಮ ಸೀಮೆಗೆ ಲೈನನ್ನು ದೊಡ್ಡ ಸದ್ದಿನೊಂದಿಗೆ ತಂದದ್ದು ರೈಲು. ಮೈಸೂರಿನಿಂದ ನಂಜನಗೂಡಿಗೆ ಹಳಿ ಬಂದದ್ದು 1891ರಲ್ಲಿ. ಕಪಿಲೆಯನ್ನು ದಾಟಲು 1735ರ ಹಳೆಯ ಕಲ್ಲು ಸೇತುವೆಯೇ ಆಸರೆಯಾಯಿತು. ಕುದುರೆ, ಗಾಡಿಗಳಿಗೆಂದು ಕಟ್ಟಿದ್ದರ ಮೇಲೆ ಉಗಿಬಂಡಿ ಓಡಿತು. ಅಲ್ಲಿಂದ ಚಾಮರಾಜನಗರಕ್ಕೆ ಹಳಿ ಮುಟ್ಟಲು ಮತ್ತೆ ಮೂವತ್ತೈದು ವರ್ಷ ಬೇಕಾಯಿತು. 1926ರಲ್ಲಿ ರೈಲು ಬಂತು, ಬಂದು ನಿಂತಿತು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಆಗಿದೆ, ಆದರೆ ಹಳಿ ಇವತ್ತಿಗೂ ಚಾಮರಾಜನಗರದಿಂದ ಮುಂದೆ ಹೋಗಿಲ್ಲ. ಸತ್ಯಮಂಗಲದ ಕಾಡು ಹಾಯ್ದು ಮೆಟ್ಟುಪಾಳ್ಯಕ್ಕೆ ಹೋಗುವ ಲೈನ್, ನಂಜನಗೂಡಿನಿಂದ ಹೊರಟು ನಮ್ಮ ಕಾಡಂಚನ್ನು ದಾಟಿ ಕೇರಳದ ನಿಲಂಬೂರಿಗೆ ಹೋಗುವ ಲೈನ್, ಎರಡೂ ಕಾಗದದ ಮೇಲೆ ಹಳೆಯವು. ಎರಡಕ್ಕೂ ಎದುರು ನಿಂತಿರುವುದು ಹುಲಿ, ಆನೆಗಳ ಕಾಡು. ಗುಂಡ್ಲುಪೇಟೆಯವರಿಗೆ ರೈಲ್ವೆ ಲೈನ್ ಎಂಬುದು ‘ಬತ್ತದಂತೆ’ ಎಂಬ ಕ್ರಿಯಾಪದದ ಜೊತೆ ಮಾತ್ರ ಬರುವ ಮಾತು. ಆ ಲೈನ್ ಬಾರದೆ ಉಳಿದರೆ ಕಾಡಿಗೆ ಒಳ್ಳೆಯದು ಎಂದು ನಾನು ನಂಬಿದವನು. ಆದರೂ ಬಾಳೆಗೊನೆ, ತರಕಾರಿ ತುಂಬಿಕೊಂಡು ಮಾರುಕಟ್ಟೆಗೆ ಹೋಗುವ ರೈತ ಆ ಮಾತಾಡುವಾಗ ಅವನ ಆಸೆ ನನಗೆ ಅರ್ಥವಾಗುತ್ತದೆ.

ರೈಲು ತಂದ ಇನ್ನೊಂದು ಮಾತಿದೆ. ಲೈನ್ ಕ್ಲಿಯರ್. ಒಂಟಿ ಹಳಿಯ ಮಾರ್ಗದಲ್ಲಿ ಎರಡು ಸ್ಟೇಷನ್‌ಗಳ ನಡುವೆ ಒಂದು ಸಲಕ್ಕೆ ಒಂದೇ ಗಾಡಿ ಇರಬೇಕು. ಮುಂದಿನ ಸ್ಟೇಷನ್ನಿನವರು ‘ನಮ್ಮ ಕಡೆ ಹಳಿ ಖಾಲಿ ಇದೆ, ಕಳಿಸಿ’ ಎಂದು ಒಪ್ಪಿಗೆ ಕೊಟ್ಟರೆ ಅದು ಲೈನ್ ಕ್ಲಿಯರ್. ಹಿಂದಿನ ಕಾಲದಲ್ಲಿ ಆ ಒಪ್ಪಿಗೆಯ ಗುರುತಾಗಿ ಡ್ರೈವರನ ಕೈಗೆ ಟೋಕನ್ ಬರುತ್ತಿತ್ತು, ಬಿದಿರಿನ ದೊಡ್ಡ ಬಳೆಗೆ ಸಿಕ್ಕಿಸಿದ ಚೀಲದಲ್ಲಿ. ರೈಲೇ ಇಲ್ಲದ ಊರುಗಳಿಗೂ ಆ ಮಾತು ನಡೆದು ಹೋಗಿದೆ. ಹೆಣ್ಣಿನ ಕಡೆಯವರು ಒಪ್ಪಿದರೆ ‘ಲೈನ್ ಕ್ಲಿಯರ್ ಆಯ್ತು’. ಜಮೀನಿನ ಪೋಡಿ, ಖಾತೆ ಮುಗಿದರೂ ಅದೇ. ಈ ಮಾತಿಗೆ ಮತ್ತೆ ಬರುತ್ತೇನೆ.

ಕಾಡಿನ ಲೈನಿನ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು. ನಮ್ಮ ಜಿಲ್ಲೆಯ ಜೀವ ಇರುವುದೇ ಅಲ್ಲಿ.

ಬಂಡೀಪುರದಲ್ಲಿ 1931ರಲ್ಲಿ ಮಹಾರಾಜರ ಕಾಲಕ್ಕೆ ವನ್ಯಜೀವಿ ಧಾಮವಾಯಿತು, 1973ರಲ್ಲಿ ಹುಲಿ ಯೋಜನೆ ಬಂತು. ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಗಳ ಎಷ್ಟೋ ಯುವಕರಿಗೆ ವರ್ಷದ ಮೂರು–ನಾಲ್ಕು ತಿಂಗಳ ಕೂಲಿ ಎಂದರೆ ಫೈರ್ ವಾಚರ್ ಕೆಲಸ. ಬೆಂಕಿ ತಡೆಯಲು ಅವರು ಸವರುವ ಪಟ್ಟಿ ಅರಣ್ಯ ಇಲಾಖೆಯ ಕಾಗದದಲ್ಲಿ ‘ಬೆಂಕಿ ರೇಖೆ’. ಬಾಯಲ್ಲಿ ಯಾರೂ ಹಾಗನ್ನುವುದಿಲ್ಲ, ‘ಫೈರ್ ಲೈನ್’ ಅನ್ನುತ್ತಾರೆ, ಇಲ್ಲವೇ ಬರೀ ‘ಲೈನ್’. ಬೇಸಗೆ ಮುಟ್ಟುವ ಮೊದಲು ರಸ್ತೆಗಳ ಎರಡೂ ಬದಿ, ಕಾಡಿನ ಗಡಿಯುದ್ದಕ್ಕೂ ಹುಲ್ಲು, ಪೊದೆ ಸವರಿ, ಒಣಗಿಸಿ, ಕಾವಲಿದ್ದು ಸುಡುತ್ತಾರೆ. ಮುಂದೆ ಬರಬಹುದಾದ ದೊಡ್ಡ ಬೆಂಕಿಗೆ ತಿನ್ನಲು ಏನೂ ಉಳಿಯದ ಹಾಗೆ ಮಾಡುವ ಬೋಳು ಪಟ್ಟಿ ಅದು. ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ, ಬೆನ್ನಿಗೆ ನೀರಿನ ಕ್ಯಾನು, ಹೊಗೆಗೆ ಕೆಂಪಾದ ಕಣ್ಣು. ‘ಎಲ್ಲೋಗಿದ್ದಪ್ಪಾ?’ ಎಂದರೆ ‘ಲೈನ್ ಸುಡಕ’ ಎಂಬ ಉತ್ತರ. ಇಂಗ್ಲಿಷಿನವನಿಗೆ ಈ ಉತ್ತರ ತಿಳಿಯಲಾರದು. ಗೆರೆಯನ್ನು ಸುಡುವುದು ಹೇಗೆ? ನಮ್ಮ ಹುಡುಗರಿಗೆ ಅದು ದಿನಗೂಲಿಯ ಸ್ಪಷ್ಟ ಕನ್ನಡ.

2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಹೊತ್ತಿದ ಬೆಂಕಿಯನ್ನು ಇಲ್ಲಿರುವ ಹಲವರು ಕಣ್ಣಾರೆ ಕಂಡಿದ್ದೀರಿ. ಸಾವಿರಾರು ಎಕರೆ ಬೂದಿಯಾಯಿತು. ಒಣಗಿದ ಲಂಟಾನ ಎದೆಮಟ್ಟ ನಿಂತಿತ್ತು, ಗಾಳಿ ಜೋರಾಗಿತ್ತು, ಕಿಡಿ ಹಾರಿ ಹಾರಿ ಆಚೆ ಬಿತ್ತು. ಆ ದಿನಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಕೇಳಿದ ಮಾತು ಒಂದೇ: ‘ಬೆಂಕಿ ಲೈನ್ ದಾಟ್ಬುಡ್ತು.’ ಲಕ್ಷ್ಮಣರೇಖೆಯ ಕಥೆ ಕೇಳಿ ಬೆಳೆದ ಜನ ಹಾಗೆ ಅನ್ನುವಾಗ ಆ ದಾಟುವಿಕೆಗೆ ಇರುವ ಭಾರವೇ ಬೇರೆ.

ಈ ಲೈನಿಗಿಂತ ಹಿಂದಿನ ಪದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿದೆ. ತರಗು ಬೆಂಕಿ. ಚಳಿಗಾಲ ಕಳೆಯುವ ಹೊತ್ತಿಗೆ, ನೆಲದಲ್ಲಿ ಇನ್ನೂ ತೇವ ಇರುವಾಗಲೇ, ಉದುರಿದ ತರಗಿಗೆ ತಗ್ಗು ಬೆಂಕಿ ಹಾಕುತ್ತಿದ್ದರು. ಅದು ಮರ ಏರುತ್ತಿರಲಿಲ್ಲ, ನೆಲ ಸವರಿ ಆರುತ್ತಿತ್ತು. ಹೊಸ ಹುಲ್ಲು ಚಿಗುರಲು, ನೆಲ್ಲಿ ಮರಕ್ಕೆ ಹಬ್ಬುವ ಬಂದಳಿಕೆ ಹತೋಟಿಯಲ್ಲಿರಲು, ಕಳೆಯ ಸಸಿ ಸಾಯಲು ಅದು ಬೇಕಿತ್ತು ಎನ್ನುತ್ತಾರೆ ಸೋಲಿಗ ಹಿರಿಯರು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ತರಗು ಬೆಂಕಿ ನಿಂತಿತು, ಲಂಟಾನ ಬೆಳೆಯಿತು. ಬೆಂಕಿ ಬೇಕು ಬೇಡ ಎಂಬ ವಾದವನ್ನು ಇಲ್ಲಿ ತೀರ್ಮಾನಿಸಲು ನಾನು ಹೊರಟಿಲ್ಲ, ಆದರೂ ಹಿರಿಯರ ಮಾತಿನ ಕಡೆಗೇ ನನ್ನ ಒಲವು. ನನ್ನ ವಿಷಯಕ್ಕೆ ಮುಖ್ಯವಾದದ್ದು ಪದಗಳು. ತರಗು ಬೆಂಕಿ ಎಂಬ ಮಾತು ಬೆಂಕಿ ಏನನ್ನು ತಿನ್ನುತ್ತದೆ ಎಂಬುದನ್ನು ಹೇಳುತ್ತದೆ. ಫೈರ್ ಲೈನ್ ಎಂಬ ಮಾತು ಬೆಂಕಿ ಎಲ್ಲಿ ನಿಲ್ಲಬೇಕು ಎಂಬುದನ್ನು ಹೇಳುತ್ತದೆ. ಮೊದಲನೆಯದರಲ್ಲಿ ಬೆಂಕಿ ಮನೆಯ ಆಳು, ಎರಡನೆಯದರಲ್ಲಿ ಹೊರಗಿನ ಕಳ್ಳ.

ಸೋಲಿಗರ ಇನ್ನೊಂದು ಪದ ಎಲ್ಲೆ. ನಾವು ಗಡಿ ಎಂಬ ಅರ್ಥದಲ್ಲಿ ಆಡುವ ಪದವನ್ನು ಅವರು ಯೆಲ್ಲೆ ಎಂದು ಉಚ್ಚರಿಸಿ, ಒಂದು ಕುಲಕ್ಕೆ ಸೇರಿದ ಕಾಡಿನ ಪಾಲಿಗೆ ಹೇಳುತ್ತಾರೆ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ – ಈ ಪವಿತ್ರ ತಾಣಗಳಿದ್ದರೆ ಅದು ಯೆಲ್ಲೆ. ಸಂಶೋಧಕರ ಜೊತೆ ಸೇರಿ ಸೋಲಿಗರು ಇಂಥ ಐನೂರರ ಹತ್ತಿರದಷ್ಟು ತಾಣಗಳನ್ನು ನಕ್ಷೆಯ ಮೇಲೆ ಗುರುತಿಸಿದ್ದಾರೆ. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕು ಸಿಕ್ಕಿತು, ಅದೇ ವರ್ಷ ಬೆಟ್ಟ ಹುಲಿ ಮೀಸಲು ಪ್ರದೇಶವೂ ಆಯಿತು. ಇಲಾಖೆಯ ನಕ್ಷೆಯಲ್ಲಿ ಕಾಡು ಎಂದರೆ ಸುತ್ತ ಎಳೆದ ಲೈನಿನ ಒಳಗಿರುವುದು. ಸೋಲಿಗರ ಲೆಕ್ಕದಲ್ಲಿ ಒಳಗಿರುವ ದೇವರು, ಕಲ್ಲು, ನೀರುಗಳಿಂದ ಯೆಲ್ಲೆ ಆಗುತ್ತದೆ. ಇದು ಆದಿವಾಸಿಗಳ ವಿಶೇಷ ಎಂದುಕೊಳ್ಳಬೇಡಿ. ಬಿ.ಎಲ್. ರೈಸ್ ಅವರು 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳಿವೆ. ದತ್ತಿ ಬಿಟ್ಟ ಭೂಮಿಯ ಎಲ್ಲೆಯನ್ನು ಹೇಳುವಾಗ ನಮ್ಮ ನಾಡಿನ ಶಾಸನಗಳ ರೀತಿ ಇದೇ: ಮೂಡಲಿಗೆ ಇಂಥ ಕಲ್ಲು, ತೆಂಕಲಿಗೆ ಇಂಥ ಕೆರೆಯ ಕೋಡಿ, ಪಡುವಲಿಗೆ ಇಂಥ ಮರ. ನಡುವೆ ಗೆರೆ ಎಳೆಯುವ ಕೆಲಸವನ್ನು ಊರವರ ನೆನಪಿಗೆ ಬಿಟ್ಟಿದ್ದರು.

ಕಾಡಂಚಿನ ಲೈನ್ ಈಗ ಹಲವು ಪದರ. ಆನೆ ಕಂದಕ ಒಂದು, ಸೋಲಾರ್ ಬೇಲಿ ಒಂದು, ಇವೆರಡನ್ನೂ ಆನೆ ಗೆದ್ದ ಮೇಲೆ ಹಳೆಯ ರೈಲು ಕಂಬಿಗಳನ್ನು ಹೂತು ಕಟ್ಟಿದ ಬೇಲಿ ಇನ್ನೊಂದು. ಯಾವುದೋ ಸೀಮೆಯಲ್ಲಿ ರೈಲು ಹೊತ್ತು ಸವೆದ ಹಳಿ ನಮ್ಮಲ್ಲಿಗೆ ಬಂದು ಆನೆಯ ಎದುರು ಅಡ್ಡ ನಿಂತಿದೆ. ಗುಂಡ್ಲುಪೇಟೆಗೆ ರೈಲ್ವೆ ಲೈನ್ ಬಾರದಿದ್ದರೂ ರೈಲಿನ ಕಂಬಿ ಕಾಡಂಚಿಗೆ ಬಂತು. ಹುಲಿ ಗಣತಿಯವರು ಕಾಡಿನಲ್ಲಿ ಎರಡು ಕಿಲೋಮೀಟರ್ ನೇರ ಕಾಲುದಾರಿ ಸವರಿ, ಬೆಳಗಿನ ಜಾವ ಸದ್ದಿಲ್ಲದೆ ನಡೆದು, ಕಂಡ ಜಿಂಕೆ, ಕಡವೆಗಳನ್ನು ಬರೆದುಕೊಳ್ಳುವುದಕ್ಕೂ ‘ಲೈನ್ ನಡಿಯೋದು’ ಅನ್ನುತ್ತಾರೆ. ಸಫಾರಿ ದಾರಿಯ ಬದಿ ಸವರಿದ ಜಾಗ ವ್ಯೂ ಲೈನ್. ಹೀಗೆ ಕಾಡೊಂದರಲ್ಲೇ ಈ ಪದಕ್ಕೆ ನಾಲ್ಕು ಕೆಲಸ.

ರಾಜ್ಯದ ಗಡಿಯೂ ಒಂದು ಲೈನೇ. ಅದನ್ನು ಬಂಡೀಪುರದ ರಸ್ತೆಗಳಲ್ಲಿ ದಿನವೂ ನೋಡಬಹುದು. 2009ರಿಂದ ಸುಲ್ತಾನ್ ಬತ್ತೇರಿ ಕಡೆಗೂ ಊಟಿ ಕಡೆಗೂ ಹೋಗುವ ಕಾಡುದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಮದ್ದೂರು ಚೆಕ್‌ಪೋಸ್ಟಿನಲ್ಲಿ ಬೆಳಗಾಗುವುದನ್ನೇ ಕಾಯುತ್ತ ಲಾರಿಗಳು ಲೈನಾಗಿ ನಿಂತಿರುತ್ತವೆ. ಅವುಗಳಲ್ಲೊಂದರ ಡ್ರೈವರನನ್ನು ಮಾತಾಡಿಸಿದರೆ ‘ನಾನು ಕೇರಳ ಲೈನ್ ಸಾರ್’ ಅನ್ನುತ್ತಾನೆ. ಅವನು ನಿಂತಿರುವುದು ಒಂದು ಲೈನಿನಲ್ಲಿ, ಬದುಕುವುದು ಇನ್ನೊಂದು ಲೈನಿನಿಂದ, ದಾಟಲು ಕಾಯುತ್ತಿರುವುದು ಮೂರನೆಯದನ್ನು. ಒಂದು ಪದ ಮೂರು ಕಡೆ ಕೂತರೂ ಅವನ ಮಾತಿನಲ್ಲಿ ಎಲ್ಲಿಯೂ ಗೊಂದಲವಿಲ್ಲ.

1956ರ ನವೆಂಬರ್ 1ರಂದು ಎಳೆದ ಲೈನಿನ ಮಾತನ್ನು ಇಷ್ಟು ಹಗುರವಾಗಿ ಆಡಲು ಬರುವುದಿಲ್ಲ. ಅಲ್ಲಿಯವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಆಚೆ ಉಳಿಯಿತು. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಆಚೆಯದು. ದೀಪಾವಳಿ ಮುಗಿದ ಮೇಲೆ ಸಗಣಿ ಎರಚಾಡಿ ಗೊರೆ ಹಬ್ಬ ಮಾಡುವ ಗುಮಟಾಪುರವೂ ಆಚೆಯದೇ. ಅಲ್ಲಿನ ಮನೆಗಳಲ್ಲಿ ಇವತ್ತಿಗೂ ನಮ್ಮದೇ ಕನ್ನಡ, ‘ಊರ್ಗ’ ‘ಮನಗ’ ಎನ್ನುವ ನಮ್ಮದೇ ವಿಭಕ್ತಿ. ಆಸ್ಪತ್ರೆಗೆ, ಸಂತೆಗೆ, ಹೆಣ್ಣು ಕೊಟ್ಟು ತರಲಿಕ್ಕೆ ಚಾಮರಾಜನಗರವೇ ಅವರಿಗೆ ಹತ್ತಿರ. ಬಸ್ಸಿನ ಬೋರ್ಡು ಮಾತ್ರ ಬದಲಾಗುತ್ತದೆ. ನನ್ನ ಸೋದರತ್ತೆಯೊಬ್ಬರನ್ನು ಆ ಕಡೆಗೆ ಕೊಟ್ಟಿತ್ತು. ಅವರು ಬದುಕಿರುವವರೆಗೂ ಬಾರ್ಡರ್ ಎನ್ನಲಿಲ್ಲ, ಗಡಿ ಎನ್ನಲೂ ಇಲ್ಲ. ‘ಆ ಕಲ್ಲಿಂದೀಚ್ಗ ನಿಮ್ದು, ಆಚ್ಗ ನಮ್ದು’ ಅನ್ನುತ್ತಿದ್ದರು. ಶಾಸನದವರ ಭಾಷೆ ಅದು.

ಇನ್ನು ಲೈನ್ ಮನೆ. ದಂಡಿನವರು ಸಿಪಾಯಿಗಳ ಗುಡಿಸಲನ್ನು ಸಾಲಾಗಿ ಕಟ್ಟಿ ಅದಕ್ಕೆ ಲೈನ್ಸ್ ಎಂದರು. ಆ ಮಾತು ದಂಡಿನಿಂದ ಪೊಲೀಸರಿಗೆ, ಅಲ್ಲಿಂದ ಕಾಫಿ ತೋಟಕ್ಕೆ ಬಂತು. ಬಿಳಿಗಿರಿರಂಗನ ಬೆಟ್ಟದ ಅತ್ತಿಕಾನ, ಹೊನ್ನಮೇಟಿ, ಬೇಡಗುಳಿಗಳಲ್ಲಿ ಕಾಫಿ ತೋಟಗಳೆದ್ದವು. ಹೊನ್ನಮೇಟಿಯಲ್ಲಿದ್ದ ಆರ್.ಸಿ. ಮಾರಿಸ್ ಎಂಬ ತೋಟಗಾರನ ಹೆಸರು ಶಿಕಾರಿ, ಹಕ್ಕಿ, ಪ್ರಾಣಿಗಳ ಬರವಣಿಗೆಯಲ್ಲಿ ಉಳಿದಿದೆ. ಆ ಸಾಲುಮನೆಗಳಲ್ಲಿ ಬದುಕಿದವರ ಹೆಸರು ಎಲ್ಲೂ ಉಳಿದಿಲ್ಲ. ನಮ್ಮ ಎರಡು ತಾಲ್ಲೂಕುಗಳಿಂದ ಕೊಡಗಿನ ತೋಟಗಳಿಗೆ ಈಗಲೂ ಸಂಸಾರ ಸಮೇತ ಹೋಗುವವರಿದ್ದಾರೆ. ಉದ್ದಕ್ಕೆ ಒಂದೇ ಮಾಡು, ನಡುವೆ ಗೋಡೆ, ಪಾಲಿಗೆ ಒಂದು ಕೋಣೆ, ಒಂದು ಒಲೆ. ಜನ ಇರುವ ಜಾಗಕ್ಕೆ ನಮ್ಮಲ್ಲಿ ಎಷ್ಟು ಪದಗಳಿವೆ! ಊರು, ಕೇರಿ, ಬೀದಿ, ಪಾಳ್ಯ, ಹುಂಡಿ, ಸೋಲಿಗರ ಪೋಡು, ಜೇನುಕುರುಬರ ಹಾಡಿ. ಪ್ರತಿಯೊಂದರಲ್ಲೂ ಕುಲ, ದೇವರು, ನೀರು, ಹಳೆಯ ಜಗಳ ಎಲ್ಲ ಸೇರಿಕೊಂಡಿವೆ. ‘ಎಲ್ಲಿದ್ದೀರಿ?’ ಎಂದಾಗ ‘ಲೈನಲ್ಲಿ’ ಎನ್ನುವವರ ಉತ್ತರದಲ್ಲಿ ಇದಾವುದೂ ಇರುವುದಿಲ್ಲ. ಕೆಲಸ ಇರುವವರೆಗೆ ಮನೆ, ಕೆಲಸ ಬಿಟ್ಟ ದಿನ ಮನೆಯೂ ಇಲ್ಲ. ಈ ಪದ ನಮ್ಮ ಭಾಷೆಯಲ್ಲಿ ಪಡೆದ ಅರ್ಥಗಳಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಇದು. ಅಲ್ಲಿ ಹುಟ್ಟಿದ ಮಗುವಿಗೆ ಹುಟ್ಟೂರಿನ ಹೆಸರಾಗಿ ಒಂದು ಸಾಲು ಸಿಕ್ಕಿದೆ, ಊರು ಸಿಕ್ಕಿಲ್ಲ.

ಆದರೆ ಸಾಲಿನ ಇನ್ನೊಂದು ಮುಖವನ್ನೂ ಹೇಳಬೇಕು. ನಮ್ಮ ಹಳೆಯ ಪದ ಪಂಕ್ತಿ. ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ಕೂರಲೇಬಾರದು ಎಂಬುದು ಜಾತಿಯ ಕಟ್ಟಳೆ. ಪಂಕ್ತಿಭೇದ ಎಂಬ ಮಾತು ಹುಟ್ಟಿದ್ದೇ ಅದರಿಂದ. ರೇಷನ್ ಅಂಗಡಿಯ, ಮತಗಟ್ಟೆಯ ಲೈನಿನಲ್ಲಿ ಮೊದಲು ಬಂದವನು ಮುಂದೆ. ‘ಲೈನಲ್ಲಿ ನಿಂತ್ಕೊ ಬುದ್ದಿ’ ಎಂದು ಒಬ್ಬ ಕೂಲಿಯ ಹೆಣ್ಣುಮಗಳು ಊರ ಯಜಮಾನರಿಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಬುದ್ದಿ ಎಂಬ ಹಳೆಯ ಮರ್ಯಾದೆಯೂ ಲೈನ್ ಎಂಬ ಹೊಸ ನ್ಯಾಯವೂ ಒಂದೇ ಮಾತಿನಲ್ಲಿ ಕೂಡಿದ್ದವು. ಅವರು ಹಿಂದೆ ಸರಿದು ನಿಂತರು.

ಹೊಲದಲ್ಲಿ ಮಾತ್ರ ನಮ್ಮ ಸಾಲು ಬಹಳ ಕಾಲ ಜಗ್ಗದೆ ನಿಂತಿತು. ರಾಗಿ ನಡುವೆ ಅವರೆ, ಜೋಳ, ಹುಚ್ಚೆಳ್ಳು ಹಾಕುವ ಅಕ್ಕಡಿ ಸಾಲನ್ನು ಅಕ್ಕಡಿ ಲೈನ್ ಎಂದವರನ್ನು ನಾನು ಕಂಡಿಲ್ಲ. ಅರಿಶಿನ, ಸಣ್ಣ ಈರುಳ್ಳಿ, ಬಾಳೆಗೆ ಹನಿ ನೀರಾವರಿ ಬಂದಾಗ ಲೈನ್ ಹೊಲಕ್ಕೂ ಕಾಲಿಟ್ಟಿತು. ಈಗ ಸಾಲಿನ ಪಕ್ಕದಲ್ಲೇ ಡ್ರಿಪ್ ಲೈನ್ ಮಲಗಿದೆ. ಕಬಿನಿಯ ನೀರನ್ನು ಆಲಂಬೂರಿನಿಂದ ಎತ್ತಿ ನಮ್ಮ ಕೆರೆಗಳಿಗೆ ತುಂಬಿಸುವ ಯೋಜನೆ ಬಂದ ಮೇಲೆ ‘ಕಬಿನಿ ಲೈನ್’ ಎಂಬ ಮಾತೂ ಬಂತು. ಬತ್ತಿದ ಕೆರೆಗೆ ನೀರು ತಂದ ಆ ಪದವನ್ನು ಹೊರಗಿನದೆಂದು ತಳ್ಳಲು ನನ್ನ ನಾಲಗೆ ಏಳುವುದಿಲ್ಲ.

ಇಷ್ಟೊಂದು ಅರ್ಥಗಳನ್ನು ನಮ್ಮ ಜನ ಹೇಗೆ ಕಲಸದೆ ಬೇರೆ ಬೇರೆ ಇಟ್ಟುಕೊಂಡಿದ್ದಾರೆ? ನಾನು ಗಮನಿಸಿದ್ದು ಇಷ್ಟು: ನಾಮಪದ ಇಂಗ್ಲಿಷಿನದು, ಅದನ್ನು ಆಳುವ ಕ್ರಿಯಾಪದ ಕನ್ನಡದ್ದು. ಲೈನ್ ಎಳೆದರು ಎಂದರೆ ಕರೆಂಟಿನದು, ಸುಟ್ಟರು ಎಂದರೆ ಕಾಡಿನದು, ಒಡೆಯಿತು ಎಂದರೆ ನೀರಿನದು, ನಿಂತರು ಎಂದರೆ ಅಂಗಡಿಯದು, ಸಿಗಲಿಲ್ಲ ಎಂದರೆ ಫೋನಿನದು, ಹೊಡೆದ ಎಂದರೆ ಹರೆಯದ್ದು. ಕೆಟ್ಟು ಅಲೆದಾಡುತ್ತಿದ್ದ ಮಗ ಲೈನಿಗೆ ಬಂದ ಎಂದರೆ ತಾಯಿಯ ಸಮಾಧಾನದ್ದು. ಎಳೆ, ಸುಡು, ಒಡೆ, ನಿಲ್ಲು, ಬೀಳು, ದಾಟು – ಈ ಹಳೆಯ ಧಾತುಗಳು ಬಂದ ನೆಂಟನಿಗೆ ಮಣೆ ಹಾಕಿ ಎಲ್ಲಿ ಕೂರಬೇಕೆಂದು ತೋರಿಸಿವೆ. ಎರವಲು ಪದಗಳ ಬಗ್ಗೆ ಜೀವಮಾನವಿಡೀ ಯೋಚಿಸಿದ, ಎರವಲು ಪದಕೋಶವನ್ನೇ ಕಟ್ಟಿಕೊಟ್ಟ ಪ್ರೊ. ಜಿ. ವೆಂಕಟಸುಬ್ಬಯ್ಯನವರ ದಾರಿಯಲ್ಲಿ ನಡೆಯುವ ಎಳೆಯ ನಿಘಂಟುಕಾರರಲ್ಲಿ ನನ್ನದೊಂದು ಬೇಡಿಕೆ. ಇಂಥ ಪದಗಳ ಅರ್ಥವನ್ನು ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಬರೆಯಬೇಡಿ. ಕ್ರಿಯಾಪದದ ಕೆಳಗೆ ಬರೆಯಿರಿ, ಯಾವ ಊರಿನಲ್ಲಿ ಯಾವ ಕಸುಬಿನವರ ಬಾಯಲ್ಲಿ ಕೇಳಿದಿರೋ ಅದನ್ನೂ ಬರೆಯಿರಿ.

ಕಚೇರಿ ಕನ್ನಡ ಬೇರೊಂದು ದಾರಿ ಹಿಡಿಯಿತು. ರೈಲು ಮಾರ್ಗ, ವಿದ್ಯುತ್ ಮಾರ್ಗ ಎಂದು ಎಲ್ಲಕ್ಕೂ ಮಾರ್ಗ ಎಂದಿತು. ಲೈನ್‌ಮನ್‌ಗೆ ಮಾರ್ಗದಾಳು ಎಂದು ಹೆಸರಿಟ್ಟಿತು. ನನಗೆ ಆ ಪದ ಇಷ್ಟ. ಆಳು ಎಂಬುದರಲ್ಲಿ ದುಡಿಮೆಯೂ ಇದೆ, ಧೈರ್ಯವೂ ಇದೆ. ಈಚೆಗೆ ಹುದ್ದೆಯ ಹೆಸರು ಪವರ್‌ಮ್ಯಾನ್ ಎಂದಾಗಿದೆ. ಮಾರ್ಗದಾಳು ಜನರ ಬಾಯಿಗೆ ಬರುವ ಮೊದಲೇ ಕಾಗದದಿಂದಲೂ ಹೋದದ್ದು ನಷ್ಟ. ಜನ ಈಗಲೂ ಲೈನ್‌ಮನ್ ಎಂದೇ ಕರೆಯುತ್ತಾರೆ, ಕೆಇಬಿ ಹೋಗಿ ಎರಡು ದಶಕ ದಾಟಿದರೂ ಕೆಇಬಿ ಎಂದೇ ಅನ್ನುವ ಹಾಗೆ.

ಕರೆಂಟಿನ ಲೈನ್ ಹುಟ್ಟಿದ್ದು ನಮ್ಮ ಮಗ್ಗುಲಲ್ಲೇ. ಕೊಳ್ಳೇಗಾಲದ ಅಂಚಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ಮಾಡಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಜಗತ್ತಿನ ಬಹಳ ಉದ್ದದ ಲೈನುಗಳಲ್ಲಿ ಅದೂ ಒಂದು. ಗಣಿಯ ಯಂತ್ರ ತಿರುಗಿತು, ಮೂರು ವರ್ಷಕ್ಕೆ ಬೆಂಗಳೂರಿನ ಬೀದಿಗೆ ಬೆಳಕಾಯಿತು. ನಮ್ಮ ಹಳ್ಳಿಗಳು ಸೀಮೆಎಣ್ಣೆ ಬುಡ್ಡಿಯಲ್ಲೇ ಇನ್ನೂ ಎಷ್ಟೋ ದಶಕ ಕಳೆದವು. ತಲೆಯ ಮೇಲೆ ಹೋಗುವ ಲೈನ್ ಬೇರೆ, ಮನೆಗೆ ಬರುವ ಲೈನ್ ಬೇರೆ ಎಂಬುದು ಜನಕ್ಕೆ ಹಾಗೆ ತಿಳಿಯಿತು. ಆಮೇಲೆ ಕಂಬ ಬಂತು, ಪಂಪ್‌ಸೆಟ್ ಬಂತು, ರಾತ್ರಿ ಎರಡು ಗಂಟೆಗೆ ಬರುವ ತ್ರೀ ಫೇಸಿಗಾಗಿ ಕಾಯುವುದೂ ಬಂತು. ಬೇಲಿಗೆ ಕಳ್ಳ ಕರೆಂಟು ಹರಿಸಿ ಆನೆಗಳೂ ಮನುಷ್ಯರೂ ಸತ್ತದ್ದೂ ಇದೇ ಲೈನಿನಿಂದ.

ಈಗ ಲೈನ್ ಕ್ಲಿಯರ್ ಮಾತಿಗೆ ಬರುತ್ತೇನೆ. ರೈಲಿನವರ ಈ ಮಾತು ಕರೆಂಟಿನವರಲ್ಲೂ ಇದೆ, ಚುಟುಕಾಗಿ ಎಲ್‌ಸಿ ಅನ್ನುತ್ತಾರೆ. ರೈಲಿನಲ್ಲಿ ಲೈನ್ ಕ್ಲಿಯರ್ ಎಂದರೆ ಹಳಿ ಖಾಲಿ, ಗಾಡಿ ಬರಬಹುದು. ಕಂಬದ ಕೆಳಗೆ ನಿಂತವನಿಗೆ ಲೈನ್ ಕ್ಲಿಯರ್ ಎಂದರೆ ತಂತಿ ಖಾಲಿ, ಮನುಷ್ಯ ಹತ್ತಬಹುದು. ಒಂದು ಕಡೆ ಓಡಲು ಅಪ್ಪಣೆ, ಇನ್ನೊಂದು ಕಡೆ ಓಡುವುದನ್ನು ನಿಲ್ಲಿಸಿದ ಖಾತರಿ. ಎರಡು ಕಡೆಯೂ ಕಣ್ಣಿಗೆ ಕಾಣದಷ್ಟು ದೂರದಲ್ಲಿರುವ ಒಬ್ಬನ ಮಾತಿನ ಮೇಲೆ ಇನ್ನೊಬ್ಬನ ಜೀವ ನಿಂತಿರುತ್ತದೆ.

ಮುಂಗಾರಿನ ಮೊದಲ ಮಳೆಯ ಒಂದು ರಾತ್ರಿ ನಮ್ಮೂರ ಹೊರಗೆ ಹುಣಸೆಕೊಂಬೆ ಮುರಿದು ಲೈನ್ ಬಿದ್ದಿತ್ತು. ಲೈನ್‌ಮನ್ ಬಂದ, ಬೈಕಿನ ಬೆಳಕಿನಲ್ಲಿ ಕಂಬ ನೋಡಿದ, ಸಬ್‌ಸ್ಟೇಷನ್ನಿಗೆ ಫೋನು ಮಾಡಿದ. ಎಲ್‌ಸಿ ಕೇಳಿದ, ಆ ಕಡೆಯವರು ಹೇಳಿದ್ದನ್ನು ಒಂದೊಂದೇ ಪದ ತಿರುಗಿ ಹೇಳಿ ಒಪ್ಪಿಸಿದ, ಆಮೇಲೂ ಅರ್ತಿಂಗ್ ಕಡ್ಡಿ ಸಿಕ್ಕಿಸಿಯೇ ಹತ್ತಿದ. ನಾವು ಟಾರ್ಚು ಹಿಡಿದು ಕೆಳಗೆ ನಿಂತಿದ್ದೆವು. ಮುಕ್ಕಾಲು ಗಂಟೆ ಯಾರೂ ಮಾತಾಡಲಿಲ್ಲ. ಇಳಿದು, ಕೈಗವಸು ಕಳಚಿ, ಅವನು ಮತ್ತೆ ಫೋನು ಮಾಡಿ ‘ನಾನೂ ನನ್ನ ಜೊತೆಯವ್ರೂ ಇಳ್ದಿದ್ದೀವಿ, ಎಲ್‌ಸಿ ವಾಪಸ್’ ಎಂದ.

ಜಗುಲಿಯ ಕತ್ತಲಲ್ಲಿ ಕೂತಿದ್ದ ನಮ್ಮ ಅಜ್ಜಿ ಅಲ್ಲಿಂದಲೇ ಕೂಗಿ ಕೇಳಿದಳು:

‘ಲೈನ್ ಬಂತಾ ಮೊಗಾ?’